ಕಲೆಯಿಲ್ಲದ ಬಿಳುಪು

ರಾಮದುರ್ಗದ ಭೀಮಶಿ ಗೋಡೆಗಳ ಮೇಲೆ ಅಕ್ಷರ ಬರೆಯುವ ಪೇಂಟರ್. ಬರೆಯುವ ಮೊದಲು, ಬಿಳಿ ಬಳಿದ ಗೋಡೆಯನ್ನು ಸುಮ್ಮನೆ ನೋಡುತ್ತ ನಿಲ್ಲುವುದೇ ಅವನಿಗೆ ದೊಡ್ಡ ಸುಖವಾಗಿತ್ತು. ಐವತ್ತು ದಾಟಿದ ಮೇಲೆ ಅವನ ಕಣ್ಣೊಳಗೆ ಕಪ್ಪು ಎಳೆಗಳು ತೇಲತೊಡಗಿದವು. ಗೋಡೆ ಬೆಳ್ಳಗಿದ್ದಷ್ಟೂ ಅವು ಎದ್ದು ಕಾಣುತ್ತಿದ್ದವು.

ಬೈಲಹೊಂಗಲದ ಡಾಕ್ಟರು ಪರೀಕ್ಷಿಸಿ, "ಅಂಜಬ್ಯಾಡ್ರಿ, ದೃಷ್ಟಿಗೇನೂ ಧಕ್ಕಿ ಇಲ್ಲ. ಇವು ಹಿಂಗ ಇರತಾವ, ರೂಢಿ ಮಾಡ್ಕೊರ್ರಿ" ಎಂದರು.

ಕೈ ರೂಢಿ ಮಾಡಿಕೊಂಡಿತು, ಅಕ್ಷರ ಸೊಟ್ಟಾಗಲಿಲ್ಲ. ಮನಸ್ಸು ಮಾತ್ರ ಹಳೆಯ ಬಿಳುಪಿಗೆ ಹಂಬಲಿಸುತ್ತಲೇ ಇತ್ತು. ಮೊನ್ನೆ ಸುರೇಬಾನದಲ್ಲಿ ಹೊಸ ಗೋಡೆಗೆ ಬಿಳಿ ಬಳಿದು, ಜೊತೆಗೆ ಬಂದಿದ್ದ ಹೆಂಡತಿ ಕೆಂಪವ್ವನನ್ನು ಕೇಳಿದ: "ಹೆಂಗ ಕಾಣಾಕ ಹತ್ತೈತಿ?"

"ಹಾಲಿನಂಗ ಐತ್ರಿ. ಒಂದು ಕಲೀನೂ ಇಲ್ಲ."

"ಇನ್ನಷ್ಟು ನೋಡಿ ಹೇಳ," ಎಂದ ಭೀಮಶಿ, ಕುಂಚವನ್ನು ಬಣ್ಣಕ್ಕೆ ಅದ್ದದೆ.