ಕುಂಕುಮದ ಕೆಳಗಿನ ಒಂಬತ್ತು

ನಾನು ಚಿಕ್ಕವನಿದ್ದಾಗಿನ ಆ ಶನಿವಾರ ಯಾವ ಇಸವಿಯದೆಂದು ಖಚಿತವಾಗಿ ಹೇಳಲಾರೆ, ಮಕ್ಕಳೇ. ನಾನಿನ್ನೂ ಇಟ್ಟುಕೊಂಡಿರುವ ಲಕೋಟೆಯೊಂದರ ಅಂಚೆ ಮುದ್ರೆಯಲ್ಲಿ ಇಸವಿಯ ಕೊನೆಯ ಅಂಕಿ ಮಸುಕಾಗಿದೆ. ಅದು ಐದೋ ಆರೋ ಎಂಬುದು ಭೂತಗನ್ನಡಿ ಹಿಡಿದು ನೋಡಿದರೂ ತೀರ್ಮಾನವಾಗಿಲ್ಲ. ದಿನ ಮಾತ್ರ ಸ್ಪಷ್ಟವಾಗಿದೆ.

ನಾವು ಧಾರವಾಡದ ಕಡೆಯವರು. ಅಪ್ಪ, ಅಕ್ಕ ಮತ್ತು ನಾನು ಮಹಾನಗರದ ಅಂಚಿನ ಭಾಂಡುಪ್‌ನಲ್ಲಿ, ಚಾಳ್ ಎಂಬ ವಠಾರವೊಂದರ ಒಂದೇ ಕೋಣೆಯಲ್ಲಿದ್ದೆವು. ಕಾರ್ಖಾನೆಯ ಭೋಂಗಾ ಕೂಗಿದಾಗಲೆಲ್ಲ ಗೂಡಿನಲ್ಲಿದ್ದ ಹಿತ್ತಾಳೆಯ ಲೋಟಗಳು ಸಣ್ಣಗೆ ನಡುಗುತ್ತಿದ್ದವು. ಆ ವಾರ ಸಯನ್‌ನ ಕನ್ನಡ ಶಾಲೆಯೊಂದರಿಂದ ಅಕ್ಕನಿಗೆ ದಪ್ಪ ಲಕೋಟೆಯೊಂದು ಬಂದಿತ್ತು. ಅದರಲ್ಲಿ ಶಿಕ್ಷಕಿಯ ಕೆಲಸಕ್ಕೆ ಕರೆಯಿತ್ತು. ಪತ್ರ ಅಂಚೆಗೆ ಬಿದ್ದ ಎಂಟು ದಿನಗಳೊಳಗೆ ಹಾಜರಾಗಬೇಕೆಂಬುದು ನಿಯಮ. ಪತ್ರದ ತಲೆಯಲ್ಲಿ ಎರಡನೆಯ ತಾರೀಖು ಬರೆದಿತ್ತು. ಅದು ನಮ್ಮ ಕೈಸೇರಿದ್ದು ಹನ್ನೊಂದಕ್ಕೆ. ಶುಕ್ರವಾರ ಅಕ್ಕ ಶಾಲೆಗೆ ಹೋದಾಗ ಅವಧಿ ಮುಗಿದಿದೆ ಎಂದರು ಗುಮಾಸ್ತರು. ಪತ್ರ ತಡವಾಗಿ ಅಂಚೆಗೆ ಬಿದ್ದಿದ್ದರೆ ಲಕೋಟೆಯ ಮುದ್ರೆ ತೋರಿಸಬೇಕು, ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಕಚೇರಿ ಮುಚ್ಚುತ್ತದೆ, ಸೋಮವಾರ ಬೇರೊಬ್ಬರನ್ನು ಕರೆಯುತ್ತೇವೆ ಎಂದೂ ಹೇಳಿ ಕಳುಹಿಸಿದರು.

ಶನಿವಾರ ಬೆಳಿಗ್ಗೆ ಅಕ್ಕ ಟ್ರಂಕಿನಿಂದ ಲಕೋಟೆ ತೆಗೆದಳು. ಅದರ ಬಲಮೂಲೆಯಲ್ಲಿ ಸೊಟ್ಟಸೊಟ್ಟಾದ ಚೌಕಾಕಾರದ ತೂತು. ಮುದ್ರೆಯ ವೃತ್ತದ ಎಡ ಅರ್ಧ ಮಾತ್ರ ಉಳಿದಿತ್ತು. ಹಿಂಬದಿಯ ಮುದ್ರೆಯಂತೂ ಬರೀ ಮಸಿಯ ಮಚ್ಚೆ.

"ಇದನ್ನ ಯಾರ್ ಕತ್ತರಿಸ್ಯಾರ?" ಎಂದಳು ಅಕ್ಕ. ಕೋಣೆಯಲ್ಲಿ ಕತ್ತರಿ ಹಿಡಿಯುವ ಕಳ್ಳ ನಾನೊಬ್ಬನೇ.

ಕತ್ತರಿಸಿದ್ದು ನಾಲ್ಕಾಣೆಯ ಅಂಚೆಚೀಟಿ. ಅದರ ಮೇಲೆ ಭುವನೇಶ್ವರದ ಪುರಾತನ ಶಿವಾಲಯದ ಗೋಪುರವಿತ್ತು. ಅದನ್ನು ಮುಲುಂಡ್‌ನ ನನ್ನ ಸಹಪಾಠಿಗೆ ಕೊಟ್ಟು, ಹಡಗಿನ ಚಿತ್ರವಿದ್ದ ಎರಡು ವಿದೇಶಿ ಚೀಟಿಗಳನ್ನು ತಂದುಕೊಂಡಿದ್ದೆ. ಅಪ್ಪ ಬೈಯಲಿಲ್ಲ. ಗಡಿಯಾರ ನೋಡಿ, "ಹೊತ್ತಾಗೇದ. ಅವನ್ನೂ ಕರ್ಕೊಂಡ್ ಹೋಗು, ಕತ್ತರಿಸ್ದಾವ್ನೇ ಕೇಳಿ ತರ್ಲಿ," ಎಂದಷ್ಟೇ ಹೇಳಿದರು.

ಲೋಕಲ್ ರೈಲಿನಲ್ಲಿ ಅಕ್ಕ ಕುಳಿತುಕೊಳ್ಳಲಿಲ್ಲ. ಸೀಟು ಖಾಲಿಯಿದ್ದರೂ ಬಾಗಿಲ ಕಂಬ ಹಿಡಿದು ನಿಂತಿದ್ದಳು. ನನ್ನ ಅಂಗೈ ಬೆವತು, ಜೇಬಿನಲ್ಲಿದ್ದ ಹಡಗಿನ ಚೀಟಿಗಳು ಬೆರಳಿಗೆ ಅಂಟುತ್ತಿದ್ದವು.

ಗೆಳೆಯನ ಮನೆಯವರು ಉಡುಪಿ ಕಡೆಯವರು. ಅವನ ಆಲ್ಬಮ್ಮಿನಲ್ಲಿ ನಮ್ಮ ಚೀಟಿ ಇರಲಿಲ್ಲ. "ನನ್ನತ್ರ ಎಲ್ಲುಂಟು ಮಾರಾಯಾ? ಅಮ್ಮ ತೆಗ್ದುಕೊಂಡ್ರು," ಎಂದು ಅವನು ದೇವರ ಗೂಡಿನತ್ತ ಕೈ ತೋರಿಸಿದ. ಅಲ್ಲಿ ಕೃಷ್ಣನ ಪಟದ ಪಕ್ಕದಲ್ಲಿ, ಗೋಡೆಗೆ ಅನ್ನದ ಅಗುಳಿನಿಂದ ಅಂಟಿಕೊಂಡು ನಮ್ಮ ಶಿವಾಲಯ ನಿಂತಿತ್ತು. ಗೋಪುರದ ಬುಡದಲ್ಲಿ, ಸರಿಯಾಗಿ ತಾರೀಖಿನ ಮೇಲೆಯೇ, ಕುಂಕುಮದ ದೊಡ್ಡ ಬೊಟ್ಟು.

"ದೇವಸ್ಥಾನದ ಚಿತ್ರ ಅಲ್ವಾ! ಮಕ್ಕಳ ಎಂಜಲು ಕೈಗೆ ಸಿಗುವುದು ಬೇಡ ಅಂತ ಎತ್ತಿಟ್ಟೆ. ಈಗ ಪೂಜೆ ಆಗಿದೆ. ಕಿತ್ತು ಕೊಡುವುದು ಹೇಗೆ?" ಎಂದರು ಗೆಳೆಯನ ಅಮ್ಮ.

ಅಕ್ಕ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು. ಗೋಡೆಯ ಗಡಿಯಾರ ಹತ್ತೂಮುಕ್ಕಾಲು ತೋರಿಸುತ್ತಿತ್ತು. ನಾನು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಾಯಿಸಿಕೊಳ್ಳುತ್ತ ನಿಂತಿದ್ದೆ. ಕೊನೆಗೆ ಆಕೆ ಕೈಮುಗಿದು, ಉದ್ಧರಣೆಯಿಂದ ತೀರ್ಥವನ್ನು ಹನಿಹನಿಯಾಗಿ ಚೀಟಿಯ ಅಂಚಿಗೆ ಬಿಟ್ಟರು. ಅಗುಳು ನೆನೆಯಬೇಕಿತ್ತು. ನಾನು ಉಗುರು ಚಾಚಿದಾಗ, "ಸುಮ್ನೆ ಇರೋ! ಈಗ್ಲೂ ಹರಿತೀ ಏನು?" ಎಂದು ಅಕ್ಕ ನನ್ನ ಕೈಗೆ ಹೊಡೆದಳು. ಹತ್ತು ನಿಮಿಷಗಳ ಮೇಲೆ ಶಿವಾಲಯ ತಾನಾಗಿ ಗೋಡೆಯನ್ನು ಬಿಟ್ಟಿತು. ಹಡಗುಗಳೆರಡನ್ನೂ ಗೆಳೆಯನಿಗೆ ಹಿಂದಿರುಗಿಸಿದೆ.

ಒದ್ದೆ ಚೀಟಿಯನ್ನು ಅಂಗೈ ಮೇಲೆ ಚಾಚಿ ಹಿಡಿದುಕೊಂಡೇ ಸಯನ್‌ವರೆಗೆ ಬಂದೆ. ಗಾಳಿಗೆ ಹಾರದಂತೆ ಅಕ್ಕ ಸೆರಗು ಅಡ್ಡ ಹಿಡಿದಿದ್ದಳು. ಕುರ್ಲಾದಲ್ಲಿ ಗಾಡಿ ಸುಮ್ಮನೆ ನಿಂತುಬಿಟ್ಟಿತು. ಎಷ್ಟು ಹೊತ್ತು ನಿಂತಿತೆಂದು ನಾನು ಬರೆದಿಟ್ಟುಕೊಂಡಿಲ್ಲ, ಆದ್ದರಿಂದ ಹೇಳುವುದಿಲ್ಲ.

ಗುಮಾಸ್ತರು ಬೀರುವಿಗೆ ಬೀಗ ಹಾಕುತ್ತಿದ್ದರು. ಅಕ್ಕ ಮೇಜಿನ ಮೇಲೆ ಲಕೋಟೆಯಿಟ್ಟು, ತೂತಿನಲ್ಲಿ ಚೀಟಿಯನ್ನು ಕೂರಿಸಿದಳು. ನನ್ನ ಕತ್ತರಿಯ ಸೊಟ್ಟ ಅಂಚುಗಳು ಒಂದಕ್ಕೊಂದು ಕಚ್ಚಿಕೊಂಡು ಮುದ್ರೆಯ ವೃತ್ತ ಪೂರ್ಣವಾಯಿತು. ನೇರವಾಗಿ ಕತ್ತರಿಸಿದ್ದರೆ ಅದು ಆ ಲಕೋಟೆಯದೇ ಎಂದು ಯಾರು ನಂಬುತ್ತಿದ್ದರು?

"ಇದೇನ್ರೀ, ಪೋಸ್ಟಿನ ತಿಕೀಟಿಗೂ ಕುಂಕುಮ ಹಚ್ಚೀರಲ್ಲ!" ಎಂದು ಗುಮಾಸ್ತರು ನಕ್ಕರು. ಬಳಿಕ ಕನ್ನಡಕ ಏರಿಸಿ ಬಗ್ಗಿದರು. ಕೆಂಪಿನಡಿಯಲ್ಲಿ ಕಪ್ಪು ಮಸಿ ಕದಡಿರಲಿಲ್ಲ: ಒಂಬತ್ತು. ಬರೆದು ಏಳು ದಿನಗಳ ಮೇಲೆ ಪತ್ರ ಅಂಚೆಗೆ ಬಿದ್ದಿತ್ತು; ಎಂಟು ದಿನಗಳ ಗಡುವು ಇನ್ನೂ ಮುಗಿದಿರಲಿಲ್ಲ. ಅವರು ಹಾಜರಿ ಪುಸ್ತಕ ತೆರೆದು, ಅಕ್ಕನ ಮುಂದೆ ಸರಿಸಿದರು. ನಿವೃತ್ತಳಾಗುವವರೆಗೂ ಅಕ್ಕ ಅದೇ ಶಾಲೆಯಲ್ಲಿ ಪಾಠ ಹೇಳಿದಳು.

ಈಗ ನಿಮ್ಮ ಫೋನಿನಲ್ಲಿ ಪ್ರತಿ ಸಂದೇಶದ ಕೆಳಗೂ ಗಂಟೆ, ನಿಮಿಷ ತಾವಾಗಿಯೇ ಮೂಡುತ್ತವೆ. ಮೊನ್ನೆ ಈ ಲಕೋಟೆ ತೋರಿಸಿದಾಗ ಮೊಮ್ಮಗಳು ಕೇಳಿದಳು: "ಅಜ್ಜಾ, ಸಿಂಪಲ್ ಹೈ ನಾ, ಒಂದು ಸ್ಕ್ರೀನ್‌ಶಾಟ್ ತೆಗೆದು ಇಡಬೇಕಿತ್ತು?" ನಾನು ಲಕೋಟೆಯನ್ನು ಅವಳತ್ತ ಸರಿಸಿದೆ. ಅವಳು ಕುಂಕುಮದ ಕಲೆಯನ್ನು ಮೂಸಿ ನೋಡಿದಳು, ಸೊಟ್ಟ ಅಂಚಿನ ಮೇಲೆ ಬೆರಳಾಡಿಸಿದಳು. ಆಮೇಲೆ, "ಇದು ನನ್ನ ಹತ್ರ ಇರಲಿ?" ಎಂದಳು.

ಅವಳ ಮೇಜಿನ ಮೇಲೆ ಕತ್ತರಿ ಇಲ್ಲವೆಂದು ಎರಡು ಬಾರಿ ಪರೀಕ್ಷಿಸಿ, ಕೊಟ್ಟೆ.