ಅಸ್ತಮಾ ಅನ್ನಬೇಡ

ಕಸ್ತೂರಿಯ ಅಪ್ಪ ಹೊನ್ನಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ಓಣಿಯಲ್ಲಿ ಅವನಿಗೆ ದಮ್ಮಿನ ಹೊನ್ನಪ್ಪ ಎಂದೇ ಹೆಸರು. ಮಗಳಿಗೆ ಹನ್ನೊಂದು ತುಂಬಿದ ವರ್ಷ ಅವಳ ಎದೆಯೊಳಗೂ ಅದೇ ಸುಂಯ್ ಸುಂಯ್ ಸದ್ದು ಎದ್ದಿತು. ಡಾಕ್ಟರು ಚೀಟಿಯಲ್ಲಿ ಅಸ್ತಮಾ ಎಂದು ಬರೆದರು. ಔಷಧಿ ಕೊಂಡ ಮೇಲೆ ತಾಯಿ ಆ ಚೀಟಿಯನ್ನು ಅಂಗಡಿಯ ಮೆಟ್ಟಿಲ ಮೇಲೆಯೇ ಹರಿದು ಹಾಕಿ, "ಯಾರಾದ್ರೂ ಕೇಳಿದ್ರೆ ನೆಗಡಿ ಮೈ ಅನ್ನು. ಅಸ್ತಮಾ ಅನ್ನಬೇಡ. ನಾಳೆ ಮದುವೆ ಆಗ್ಬೇಕಾದೋಳು" ಎಂದಳು.

ಮದುವೆಯೂ ಆಯಿತು. ಬಚ್ಚಿಟ್ಟುಕೊಂಡು ಬದುಕಲು ಮನಸ್ಸೊಪ್ಪದೆ ಕಸ್ತೂರಿ ನಾಲ್ಕನೆಯ ದಿನವೇ ಗಂಡ ಗಣಪತಿಗೆ ಎಲ್ಲ ಹೇಳಿಬಿಟ್ಟಳು. ಅವನು, "ಆಯ್ತು, ನನಗೆ ಗೊತ್ತಿದ್ರೆ ಸಾಕು. ಅಮ್ಮನ ಹತ್ರ ಮಾತ್ರ ಬಾಯಿ ಬಿಡಬೇಡ" ಎಂದ. ಅವಳು ಅದನ್ನು ಒಳ್ಳೆಯತನ ಎಂದುಕೊಂಡಳು. ಎಷ್ಟೋ ವರ್ಷ ಹಾಗೆಯೇ ಅಂದುಕೊಂಡಿದ್ದಳು.

ಗಣಪತಿ ಗಣಿ ಎಂಜಿನಿಯರ್. ಆಸ್ಟ್ರೇಲಿಯಾದ ವೀಸಾ ಅರ್ಜಿ ತುಂಬುವಾಗ, ಉಸಿರಾಟದ ತೊಂದರೆ ಇದೆಯೇ ಎಂಬ ಪ್ರಶ್ನೆಯ ಮುಂದೆ ಅವನೇ 'ನೋ' ಎಂದು ಗುರುತು ಹಾಕಿದ. "ಅಲ್ಲಿಯವರು ತುಂಬಾ ಸ್ಟ್ರಿಕ್ಟು. ಅಸ್ತಮಾ ಅಂದ್ರೆ ವೀಸಾ ಹೋಯ್ತು ಅನ್ಕೋ" ಎಂದ. ಎರಡು ವರ್ಷದ ಮಗಳು ಪೂರ್ವಿಯೊಂದಿಗೆ ಪರ್ತ್‌ಗೆ ಬಂದು ಪಿಯಾರಾ ವಾಟರ್ಸ್ ಬಡಾವಣೆಯಲ್ಲಿ ಮನೆ ಮಾಡಿ ಒಂಬತ್ತು ವರ್ಷವಾಯಿತು. ಅವನು ಎರಡು ವಾರ ಉತ್ತರದ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಮನೆಗೆ ಬಂದಾಗಲೆಲ್ಲ ಔಷಧಿ ಅಂಗಡಿಯಿಂದ ನೀಲಿ ಇನ್‌ಹೇಲರ್, ಅಲ್ಲಿಯವರ ಮಾತಲ್ಲಿ ಪಫರ್, ತಂದುಕೊಡುತ್ತಿದ್ದ. ಅದಕ್ಕೆ ಡಾಕ್ಟರ ಚೀಟಿ ಬೇಕಿರಲಿಲ್ಲ. ಯಾರಿಗೆ ಎಂದು ಅಂಗಡಿಯವರು ಕೇಳಿದರೆ, ಊರಿಂದ ಬಂದ ಅತ್ತೆಗೆ ಎನ್ನುತ್ತಿದ್ದ.

ಕಾಯಂ ವಾಸದ ಪಿಆರ್ ಬಂತು, ಆಮೇಲೆ ಸಿಟಿಜನ್‌ಶಿಪ್ಪೂ ಬಂತು. "ಈಗಲಾದ್ರೂ ಡಾಕ್ಟರ್ ಹತ್ರ ಹೇಳಬಹುದಲ್ವಾ?" ಎಂದು ಕಸ್ತೂರಿ ಕೇಳಿದಳು.

"ಹೇಳು. ಫಾರ್ಮ್‌ನಲ್ಲಿ ಸುಳ್ಳು ಹೇಳಿದ್ದು ಗೊತ್ತಾದ್ರೆ ಎಲ್ಲಾ ಕಿತ್ಕೊಂಡು ವಾಪಸ್ ಕಳಿಸ್ತಾರೆ. ಪೂರ್ವಿ ಸ್ಕೂಲು ಬಿಟ್ಟು ಬರ್ತಾಳಾ, ಕೇಳು."

ಅವಳು ಬಾಯಿ ಮುಚ್ಚಿಕೊಂಡಳು. ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವಳಿಗೆ ಟವೆಲ್ ಮಡಚುವ ಕೆಲಸ. ಗಾಳಿಯಲ್ಲಿ ಸದಾ ನೂಲಿನ ಪುಡಿ. ಕೆಮ್ಮು ಬಂದರೆ ಸೂಪರ್‌ವೈಸರ್‌ಗೆ 'ಡಸ್ಟ್ ಅಲರ್ಜಿ' ಎಂದು ಹೇಳಿ ಟಾಯ್ಲೆಟ್‌ಗೆ ಹೋಗಿ ಪಫರ್ ಎಳೆದುಕೊಂಡು ಬರುತ್ತಿದ್ದಳು. ಯುಗಾದಿಯ ಥ್ರೋಬಾಲ್ ಪಂದ್ಯದಲ್ಲಿ ಅರ್ಧಕ್ಕೇ ಕೂತವಳನ್ನು ಕಂಡು ಹೆಂಗಸರು "ಕಸ್ತೂರಿ ಬಲು ಸೋಮಾರಿ" ಎಂದು ನಕ್ಕರು. ಅವಳೂ ನಕ್ಕಳು.

ಕಳೆದ ನವೆಂಬರಿನ ಒಂದು ಶನಿವಾರ ಬೇಸಿಗೆಯ ಕಾಳ್ಗಿಚ್ಚು ತಡೆಯಲೆಂದು ಗುಡ್ಡದ ಕಡೆಯ ಕಾಡಿನ ಒಣಪೊದೆಗಳನ್ನು ಮುಂಚೆಯೇ ಸುಟ್ಟಿದ್ದರು. ಹೊಗೆ ಮಧ್ಯಾಹ್ನದ ಹೊತ್ತಿಗೆ ಬಡಾವಣೆಯ ಮೇಲೆಲ್ಲ ಕವಿಯಿತು. ಕಸ್ತೂರಿ ಹಿತ್ತಲಿನ ಬಟ್ಟೆ ತರಲು ಹೋದವಳು ಬುಟ್ಟಿಯ ಪಕ್ಕದಲ್ಲೇ ಕುಸಿದಳು. ಪಫರ್ ನಾಲ್ಕು ಸಲ ಎಳೆದರೂ ಎದೆ ಬಿಚ್ಚಲಿಲ್ಲ. ಹನ್ನೊಂದು ವರ್ಷದ ಪೂರ್ವಿ ಓಡಿ ಬಂದು ಅಮ್ಮನ ತುಟಿ ಕಪ್ಪಿಡುತ್ತಿರುವುದನ್ನು ನೋಡಿ ಆಂಬುಲೆನ್ಸ್‌ಗೆ ಫೋನ್ ಮಾಡಿದಳು.

"ಅಮ್ಮನಿಗೆ ಆಸ್ಮಾ ಇದೆಯಾ?" ಎಂದು ಆ ಕಡೆಯ ಹೆಂಗಸು ಇಂಗ್ಲಿಷಿನಲ್ಲಿ ಕೇಳಿದಳು.

"ನೋ. ಜಸ್ಟ್ ಡಸ್ಟ್ ಅಲರ್ಜಿ" ಎಂದಳು ಪೂರ್ವಿ. ಅವಳಿಗೆ ಹೇಳಿಕೊಟ್ಟಿದ್ದೇ ಅದು.

ಕಸ್ತೂರಿಗೆ ಕೇಳಿಸಿತು. ತನ್ನ ತಾಯಿ ಹೇಳಿಕೊಟ್ಟ ಸುಳ್ಳು ತನ್ನ ಮಗಳ ಬಾಯಿಂದ, ಅದೂ ಇಂಗ್ಲಿಷಿನಲ್ಲಿ! ಅವಳು ಫೋನನ್ನು ಕಿತ್ತುಕೊಂಡು, ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ, "ಅಸ್... ತ... ಮಾ" ಎಂದಳು.

"ಎಸ್ತರ್? ನಿಮ್ಮ ಹೆಸರು ಎಸ್ತರಾ?"

ಇಪ್ಪತ್ತೇಳು ವರ್ಷ ನುಂಗಿಕೊಂಡಿದ್ದ ಮಾತು ಹೊರಗೆ ಬಂದರೆ, ಅದೂ ಯಾರದೋ ಹೆಸರಾಗಿ ಕೇಳಿಸಬೇಕೆ? ಕಸ್ತೂರಿ ಸಿಮೆಂಟು ನೆಲಕ್ಕೆ ಅಂಗೈ ಬಡಿದಳು. ಮತ್ತೆ ಹೇಳಿದಳು, ಮತ್ತೆ ಹೇಳಿದಳು. ಮೂರನೆಯ ಸಲಕ್ಕೆ ಪೂರ್ವಿಗೆ ಅರ್ಥವಾಯಿತು. "ಆಸ್ಮಾ! ಶೀ ಈಸ್ ಸೇಯಿಂಗ್ ಆಸ್ಮಾ!" ಎಂದು ಕಿರುಚಿದಳು.

ಆಂಬುಲೆನ್ಸ್ ಬರುವವರೆಗೂ ಆ ಹೆಂಗಸು ಫೋನ್ ಇಡದೆ, ಪಫರ್ ಹೇಗೆ ಎಷ್ಟು ಸಲ ಕೊಡಬೇಕೆಂದು ಮಗುವಿಗೆ ಹೇಳಿಕೊಡುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ಮರುದಿನ ಬೆಳಿಗ್ಗೆ ಬಿಳಿಗೂದಲಿನ ನರ್ಸೊಬ್ಬಳು ಹಾಸಿಗೆಯ ಪಕ್ಕ ಕೂತು ಎಲ್ಲ ವಿವರಿಸಿದಳು. ದಿನಾ ತೆಗೆದುಕೊಳ್ಳುವ ಔಷಧಿ ಬೇರೆ, ನೀಲಿ ಪಫರ್ ಬೇರೆ. ಬರೀ ನೀಲಿಯನ್ನು ನಂಬಿ ಇಷ್ಟು ವರ್ಷ ಬದುಕಿದ್ದೇ ದೊಡ್ಡದು ಎಂದಳು. ಆ ಪದವನ್ನೂ ತಿದ್ದಿದಳು. ನಡುವೆ 'ತ' ಇದ್ದರೂ ಇಲ್ಲದ ಹಾಗೆ, ಆಸ್ಮಾ. 'ಐ ಹ್ಯಾವ್ ಆಸ್ಮಾ' ಎಂದರೆ ಸಾಕು, ಯಾರಾದರೂ ಓಡಿಬರುತ್ತಾರೆ. "ಇಲ್ಲಿ ಹತ್ತು ಜನರಲ್ಲಿ ಒಬ್ಬರಿಗೆ ಇದೆ. ನನಗೂ ಇದೆ" ಎಂದು ತನ್ನ ಜೇಬಿನಿಂದ ಪಫರ್ ತೆಗೆದು ತೋರಿಸಿದಳು.

ಕಸ್ತೂರಿ ಬಾಯಲ್ಲೇ ಹೇಳಿಕೊಂಡು ನೋಡಿದಳು. ಎಷ್ಟು ಸಣ್ಣ ಮಾತು! ನೆಗಡಿ, ತಲೆನೋವು ಅಂದ ಹಾಗೆ ಅನ್ನುವ ಮಾತು. ಅದಕ್ಕೆ ತಾನು ಹೆದರಿ ಸತ್ತಿದ್ದು ಯಾಕೆ?

ಬ್ರಿಸ್ಬೇನ್‌ನ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ ಗಣಪತಿಯ ತಮ್ಮ ಕಿರಣನ ಸಂಸಾರವಿದೆ. ಸುದ್ದಿ ತಿಳಿದು ಕಿರಣನ ಹೆಂಡತಿ ಪ್ರಣತಿ ಫೋನ್ ಮಾಡಿದಳು.

"ಅಕ್ಕಾ, ಆಸ್ಮಾ ಅಂತೆ? ನಮಗೆ ಹೇಳೇ ಇಲ್ವಲ್ಲ. ಇವರಿಗೂ ಇದೆ, ಗೊತ್ತಲ್ವಾ ನಿಮಗೆ?"

"ಯಾರಿಗೆ? ಕಿರಣನಿಗಾ?"

"ಹೂಂ. ಚಿಕ್ಕಂದಿನಿಂದ. ವೀಸಾ ಫಾರ್ಮ್‌ನಲ್ಲಿ ಇದೆ ಅಂತಾನೇ ಬರೆದಾಗ ಡಾಕ್ಟರ್ ಲೆಟರ್ ಒಂದು ಕೇಳಿದ್ರು, ಕೊಟ್ವಿ. ಆ ಲೆಟರ್ ಮಾಡಿಸ್ಕೊಟ್ಟಿದ್ದೇ ಭಾವ."

ಕಸ್ತೂರಿ ಕೇಳಿದಳು, "ಯಾವಾಗ?"

"ನೀವು ಬರೋಕೆ ಒಂದು ವರ್ಷ ಮುಂಚೆ."

ಎದೆ ಮತ್ತೆ ಬಿಗಿಯಿತು. ಈ ಸಲ ಅದು ರೋಗವಲ್ಲ.

ಅಂದು ಮಧ್ಯಾಹ್ನದ ವಿಮಾನ ಹಿಡಿದು ಗಣಪತಿ ಗಣಿಯ ಬೂಟಿನಲ್ಲೇ ಆಸ್ಪತ್ರೆಗೆ ಬಂದ. ಮುಖ ಬಾಡಿತ್ತು. "ಎಂಥಾ ಗಾಬರಿ ಮಾಡಿಬಿಟ್ಟೆ" ಎನ್ನುತ್ತಾ ಕೈ ಹಿಡಿಯಲು ಬಂದ. ಅವಳು ಕೈ ಎಳೆದುಕೊಂಡಳು.

"ಕಿರಣನಿಗೆ ವೀಸಾ ಹೇಗೆ ಸಿಕ್ತು?"

ಅವನು ಮಂಚದ ಪಕ್ಕದ ಕುರ್ಚಿ ಎಳೆದುಕೊಂಡ.

"ನಿಮ್ಮನ್ನೇ ಕೇಳ್ತಿರೋದು. ನಿಮ್ಮ ತಮ್ಮನಿಗೆ ಇದ್ರೆ ಲೆಟರ್ರು. ನನಗಿದ್ರೆ ಸುಳ್ಳಾ?"

"ಅವನದ್ದು ಬೇರೆ, ಕಸ್ತೂರಿ."

"ಏನು ಬೇರೆ? ಅವನು ಮೂಗಲ್ಲಿ ಉಸಿರಾಡ್ತಾನೆ, ನಾನೇನು ಕಿವೀಲಿ ಆಡ್ತೀನಾ?"

ಪಕ್ಕದ ಹಾಸಿಗೆಯ ಮುದುಕಿ ತಿರುಗಿ ನೋಡಿದಳು. ಗಣಪತಿ ದನಿ ತಗ್ಗಿಸಿದ. "ಅವನು ಗಂಡಸು. ಯಾರೂ ಏನೂ ಅನ್ನಲ್ಲ. ನಿನ್ನ ವಿಷಯ ಗೊತ್ತಾದ್ರೆ ಮೋಸ ಮಾಡಿ ಹೆಣ್ಣು ಕೊಟ್ರು ಅಂತ ಅಮ್ಮ ಊರೆಲ್ಲಾ ಹೇಳ್ತಾಳೆ. ನಿನ್ನ ಮರ್ಯಾದೆಗೇ ತಾನೇ ನಾನು..."

"ನನ್ನ ಮರ್ಯಾದೆ ಹಿತ್ತಲಲ್ಲಿ ಬಿದ್ದಿತ್ತು, ನಿನ್ನೆ. ನಿಮ್ಮ ಮಗಳು ಎತ್ತಿ ಕೂರಿಸಿದ್ಲು. ನಾನು ಸತ್ತಿದ್ರೆ ಏನಂತ ಬರೆಸ್ತಿದ್ರಿ, ಡಸ್ಟ್ ಅಲರ್ಜಿ ಅಂತಾನಾ?"

"ಮೆಲ್ಲಗೆ ಮಾತಾಡು..."

"ಮೆಲ್ಲಗೆ ಮಾತಾಡೇ ಇಲ್ಲಿಗೆ ಬಂದಿದ್ದು!"

ಕೆಮ್ಮು ಒತ್ತರಿಸಿ ಬಂತು. ನರ್ಸ್ ಬಂದು ಗಣಪತಿಯನ್ನು ಹೊರಗೆ ಕಳಿಸಿದಳು.

ಮನೆಗೆ ಬಂದ ಮಂಗಳವಾರವೇ ಕಸ್ತೂರಿ ತಾನಾಗಿ ಅತ್ತೆಗೆ ವಿಡಿಯೊ ಕಾಲ್ ಮಾಡಿದಳು. ಗಣಪತಿಯನ್ನು ಪಕ್ಕದಲ್ಲೇ ಕೂರಿಸಿಕೊಂಡಳು. "ಅತ್ತೆ, ನನಗೆ ಅಸ್ತಮಾ ಇದೆ. ಹನ್ನೊಂದು ವರ್ಷದೋಳಿದ್ದಾಗಿಂದ ಇದೆ" ಎಂದಳು. ಅತ್ತೆಯ ಮುಖ ಬಿಗಿದುಕೊಂಡಿತು. ಗಣಪತಿ ಎಣಿಸಿದ್ದ ಮಾತೇ ಬಂತು: "ಹಂಗಾದ್ರೆ ನಮಗೆ ಮೋಸ ಆಯ್ತು ಅನ್ನು."

"ಮೋಸ ಮಾಡಿದ್ದು ನಮ್ಮಮ್ಮ. ಅದಕ್ಕೆ ಅವಳ ಮೇಲೂ ನನಗೆ ಸಿಟ್ಟಿದೆ. ಆದ್ರೆ ನಿಮ್ಮ ಮಗನಿಗೆ ನಾಲ್ಕನೇ ದಿನಕ್ಕೇ ಹೇಳಿದೀನಿ. ಕೇಳಿ ಬೇಕಾದ್ರೆ."

ಗಣಪತಿ ಟೇಬಲ್ಲಿನ ಅಂಚು ನೋಡುತ್ತಾ ಕೂತ. ತಲೆ ಎತ್ತದೆಯೇ, "ಹೌದಮ್ಮ, ಗೊತ್ತಿತ್ತು" ಎಂದ. ಅತ್ತೆ ಫೋನ್ ಇಟ್ಟುಬಿಟ್ಟರು. ಎರಡು ತಿಂಗಳು ಮಾತಾಡಲಿಲ್ಲ.

ಲಾಂಡ್ರಿಯಲ್ಲಿ ಅವಳು ಡಾಕ್ಟರ ಪತ್ರ ಕೊಟ್ಟಳು. ಸೂಪರ್‌ವೈಸರ್ ಓದಿ, "ಮೊದಲೇ ಹೇಳಬಾರದಿತ್ತಾ?" ಎಂದು ಬೈದು, ವಾರದೊಳಗೆ ಟವೆಲ್ಲಿನ ಕೋಣೆಯಿಂದ ಲಾರಿಗಳ ಲೆಕ್ಕ ನೋಡುವ ಕಡೆಗೆ ಹಾಕಿದ. ಅಲ್ಲಿ ಬಾಗಿಲು ತೆರೆದಿರುತ್ತದೆ. ಹಳೆಯ ವೀಸಾ ಫಾರ್ಮಿನ ಬಗ್ಗೆ ಆಸ್ಪತ್ರೆಯಲ್ಲಾಗಲಿ ಲಾಂಡ್ರಿಯಲ್ಲಾಗಲಿ ಯಾರೂ ಕೇಳಲಿಲ್ಲ. ದಿನದ ಔಷಧಿ ಶುರುವಾದ ಮೇಲೆ ನೀಲಿ ಪಫರ್ ವಾರಗಟ್ಟಲೆ ಚೀಲದಲ್ಲೇ ಉಳಿಯುತ್ತದೆ.

ಗಣಪತಿ ಈಗ ಗಣಿಯಿಂದ ದಿನಾ ಫೋನ್ ಮಾಡಿ ಔಷಧಿ ತಗೊಂಡೆಯಾ ಎಂದು ಕೇಳುತ್ತಾನೆ. ಅವಳು "ಹೂಂ" ಎಂದು ಪೂರ್ವಿಗೆ ಫೋನ್ ಕೊಡುತ್ತಾಳೆ. ಅವನು ಎರಡು ಸಲ ಕ್ಷಮೆ ಕೇಳಿದ್ದಾನೆ. ಕೋಪ ಇಳಿದಿಲ್ಲ. ಇಳಿಸಿಕೊಳ್ಳುವ ಅವಸರವೂ ಅವಳಿಗಿಲ್ಲ.