ಹಳ್ಳದ ಸ್ವಂತ ನೀರು

ನಾನು ಚಿಕ್ಕವಳಿದ್ದಾಗ, ಹತ್ತು ವರ್ಷ ತುಂಬಿದ ಬೇಸಿಗೆಯಲ್ಲಿ, ಒಂದು ಕೊಡ ನೀರಿನ ವಿಷಯಕ್ಕೆ ಸುಳ್ಳು ಹೇಳಿ ಇಡೀ ದಿನ ನಡುಗಿದ್ದೆ.

ಆಗ ನಾವು ಹರಿಹರ ಬಿಟ್ಟು ದಾವಣಗೆರೆಗೆ ಬಂದು ಒಂದು ವರ್ಷವಾಗಿತ್ತು. ಅಪ್ಪ ಶಾಲೆಯಲ್ಲಿ ಮೇಷ್ಟ್ರು. ಊರಿನ ಅಂಚಿಗೆ ಹೊಸದಾಗಿ ಎದ್ದ ಓಣಿಯೊಂದರಲ್ಲಿ ನಮ್ಮ ಬಾಡಿಗೆ ಮನೆ. ಹಿತ್ತಿಲ ಬೇಲಿ ದಾಟಿದರೆ ಒಂದು ಸಣ್ಣ ಹಳ್ಳ. ಅದರ ಮೇಲ್ಭಾಗದಲ್ಲಿ, ನಾಲೆಯ ನೀರು ಬಂದ ಮೇಲೆ ಹಸಿರಾದ ಭತ್ತದ ಗದ್ದೆಗಳು. ಆ ಬೇಸಿಗೆಯಲ್ಲಿ ಓಣಿಯ ಬಾವಿ ತಳ ಕಂಡಿತ್ತು. ಹಗ್ಗ ಎಷ್ಟು ಇಳಿಬಿಟ್ಟರೂ ಕೊಡಕ್ಕೆ ಕೆಸರೇ ಬರುತ್ತಿತ್ತು. ಕುಡಿಯುವ ನೀರಿಗೆ ರೈಲು ಹಳಿ ದಾಟಿ ದೊಡ್ಡ ಬಾವಿಗೇ ಹೋಗಬೇಕು. ಹಳ್ಳ ಮಾತ್ರ ಬತ್ತಿರಲಿಲ್ಲ. ಕಾಲಿಟ್ಟರೆ ತಣ್ಣಗೆ ಹಿಡಿದುಕೊಳ್ಳುತ್ತಿತ್ತು. ತಳದ ಬೆಣಚುಕಲ್ಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಹೊಳೆಯ ನೀರು ಕುಡಿದು ಬೆಳೆದ ನನಗೆ, ಹರಿಯುವ ನೀರೆಲ್ಲ ಒಳ್ಳೆಯದೇ ಎಂಬ ನಂಬಿಕೆ.

ಒಂದು ಸಂಜೆ ಎದುರುಮನೆಯ ಸಾಹುಕಾರರು ಬಂದು ಅಪ್ಪನ ಪಕ್ಕ ಜಗುಲಿಯ ಮೇಲೆ ಕೂತರು.

“ಮೇಷ್ಟ್ರೇ, ಇಂಥ ಬಿಸಿಲಾಗೂ ನಿಂತಿಲ್ಲ ನೋಡ್ರಿ ಈ ಹಳ್ಳ. ಒಳಗ ಸೆಲೆ ಐತೆ. ಒಂದು ಸಣ್ಣ ಒಡ್ಡು ಹಾಕಿ ಕುಡಿಯಾಕೆ ಇಟ್ಕಳಣ. ನೀವು ಹ್ಞೂಂ ಅಂದ್ರೆ ಓಣಿಯೋರೆಲ್ಲ ಒಪ್ತಾರೆ.”

“ನೋಡಿ ಹೇಳ್ತೀನ್ರಿ. ನಾಕು ದಿನ ತಡೀರಿ,” ಎಂದರು ಅಪ್ಪ.

ಮರುದಿನವೇ ಅಪ್ಪ ಬಿದಿರಿನ ಕೋಲಿಗೆ ಗೀರು ಹಾಕಿ ಹಳ್ಳದ ನಡುವೆ ನೆಟ್ಟರು. ಶಾಲೆಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ನೀರು ಒಂದು ದಿನ ಎರಡು ಗೀರು ಏರಿತು, ಮರುದಿನ ಮೂರು ಗೀರು ಇಳಿಯಿತು. ಮಳೆಯ ಹನಿಯೂ ಬಿದ್ದಿರಲಿಲ್ಲ. “ಸೆಲೆ ನೀರಾದ್ರೆ ಹಿಂಗೆ ಕುಣಿಯಲ್ಲ,” ಎಂದು ಅಪ್ಪ ತಮ್ಮಷ್ಟಕ್ಕೇ ಅಂದುಕೊಂಡರು.

ಭಾನುವಾರ ಬೆಳಿಗ್ಗೆ ಅವ್ವ ನನ್ನನ್ನು ದೊಡ್ಡ ಬಾವಿಗೆ ಕಳಿಸಿದಳು. ಅಕ್ಕ ಬಾಣಂತನಕ್ಕೆ ಬಂದಿದ್ದಳು, ಅವಳ ಕೂಸಿಗೆ ಎರಡು ತಿಂಗಳು. ಬಾವಿಯ ಹತ್ತಿರ ಕೊಡಗಳ ಸಾಲು ಹಳಿಯವರೆಗೂ ಬಂದಿತ್ತು. ಬಿಸಿಲಿಗೆ ನೆತ್ತಿ ಸುಡುತ್ತಿತ್ತು. ನಾನು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಬೇರೆ ದಾರಿಯಿಂದ ವಾಪಸು ಬಂದು, ಹಳ್ಳದಲ್ಲಿ ಕೊಡ ಅದ್ದಿ ಸೊಂಟಕ್ಕೇರಿಸಿಕೊಂಡೆ.

“ದೊಡ್ಡ ಬಾವಿದಾ?” ಅವ್ವ ಕೇಳಿದಳು.

“ಹ್ಞೂಂ.”

ಅವ್ವ ನೀರನ್ನು ಸೋಸಿ ಮಣ್ಣಿನ ಗಡಿಗೆಗೆ ಸುರಿದಳು. ಒಂದಿಷ್ಟನ್ನು ಒಲೆಯ ಮೇಲಿಟ್ಟು, ಓಂಕಾಳು ಹಾಕಿ ಕಾಸಿ ಅಕ್ಕನಿಗೆ ಕೊಟ್ಟಳು. ಅಕ್ಕ ದೊಡ್ಡ ಲೋಟದ ತುಂಬ ಕುಡಿದಳು. ನಾನು ಬೇರೆ ಕಡೆ ನೋಡಿದೆ.

ಅಷ್ಟರಲ್ಲಿ ಅಪ್ಪ, “ಬಾ, ಹಳ್ಳ ಎಲ್ಲಿಂದ ಬರುತ್ತೆ ನೋಡ್ಕಂಡು ಬರಣ,” ಎಂದು ಕರೆದರು. ದಡ ಹಿಡಿದು ಮೇಲಕ್ಕೆ ನಡೆದೆವು. ಮೊದಲು ಸಿಕ್ಕಿದ್ದು ಪಕ್ಕದ ಓಣಿಯ ಬಚ್ಚಲು ಮೋರಿ. ಬೂದು ಬಣ್ಣದ ನೀರು, ಸೋಪಿನ ನೊರೆ. ಸ್ವಲ್ಪ ದೂರ ಹರಿಯುವಷ್ಟರಲ್ಲಿ ಅದು ಎಲ್ಲಿ ಹೋಯಿತೆಂದು ತಿಳಿಯದ ಹಾಗೆ ಹಳ್ಳದಲ್ಲಿ ಬೆರೆತು ಹೋಗುತ್ತಿತ್ತು. ಇನ್ನೂ ಮೇಲೆ ಹೋದರೆ ಗದ್ದೆಗಳ ಹೆಚ್ಚಿನ ನೀರನ್ನು ಹೊರಗೆ ಬಿಡುವ ಬಸಿಗಾಲುವೆ, ಬುಳುಬುಳು ಸದ್ದು ಮಾಡುತ್ತ ಹಳ್ಳಕ್ಕೆ ಬೀಳುತ್ತಿತ್ತು. ಗಾಳಿಯಲ್ಲಿ ಮೂಗಿಗೆ ಇರಿಯುವ ವಾಸನೆ. ಭತ್ತದ ಗರಿಗಳ ಮೇಲೆ ಬಿಳಿ ಪುಡಿ ಕೂತಿತ್ತು.

ಬದುವಿನ ಮೇಲೆ ಸಲಿಕೆ ಹಿಡಿದು ನಿಂತಿದ್ದ ರೈತರನ್ನು ಅಪ್ಪ ಮಾತಾಡಿಸಿದರು.

“ಹುಳ ಬಿದ್ದಿತ್ರಿ. ಮೊನ್ನೆ ಔಷಧಿ ಪುಡಿ ಹೊಡಿಸಿದ್ವಿ. ನಿನ್ನೆಯಿಂದ ನೀರು ಬಸೀತಾ ಇದೀನಿ,” ಎಂದರು ಅವರು.

ಅಪ್ಪ ಬಸಿಗಾಲುವೆ ದಾಟಿ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತುಬಿಟ್ಟರು. ಅಲ್ಲಿಂದಾಚೆ ಹಳ್ಳವೇ ಇರಲಿಲ್ಲ. ಬಿಸಿಲಿಗೆ ಕಾದ ಮರಳು, ಬಿರಿದ ಮಣ್ಣು, ಒಣಗಿದ ಜೊಂಡು. “ಇದರ ಸ್ವಂತ ನೀರು ಒಂದು ಹನಿನೂ ಇಲ್ಲ. ಹರಿಯೋದೆಲ್ಲ ಗದ್ದೆದು, ಮೋರಿದು,” ಎಂದರು.

ಹೇಳಿದರೆ ಏಟು ಬೀಳುತ್ತದೆ. ಹೇಳದಿದ್ದರೆ ಅಕ್ಕ ಇನ್ನೊಂದು ಲೋಟ ಕುಡಿಯುತ್ತಾಳೆ.

“ಅಪ್ಪಾ, ಬೆಳಿಗ್ಗೆ ನಾನು ತಂದಿದ್ದು ಹಳ್ಳದ ನೀರು.”

ಅಪ್ಪ ನನ್ನ ಮುಖ ನೋಡಿದರು. “ಅಕ್ಕ ಕುಡಿದ್ಲಾ?”

“ಕುಡಿದ್ಲು.”

ಅವರು ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ಓಡಿದರು. ಅಪ್ಪ ಓಡಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ನಾನು ಮನೆ ಮುಟ್ಟುವಾಗ ಅವ್ವ ಗಡಿಗೆಯ ನೀರನ್ನು ಹಿತ್ತಿಲಿಗೆ ಚೆಲ್ಲುತ್ತಿದ್ದಳು. ಅಪ್ಪ ಡಾಕ್ಟರನ್ನು ಕರೆತರಲು ಹೋಗಿದ್ದರು. ಟಾಂಗಾದಲ್ಲಿ ಬಂದ ಡಾಕ್ಟರು, ಸಂಜೆಯವರೆಗೆ ಕೂಸಿಗೆ ಎದೆಹಾಲು ಬೇಡ, ಆಕಳ ಹಾಲು ಕಾಸಿ ಕೊಡಿ ಎಂದರು. ಕೂಸು ಆ ಹಾಲನ್ನು ಉಗಿದು ಉಗಿದು ಅತ್ತಿತು. ಮಧ್ಯಾಹ್ನ ಅಕ್ಕ ಎರಡು ಸಲ ವಾಂತಿ ಮಾಡಿಕೊಂಡಳು. ನಾನು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಕಿವಿ ಮುಚ್ಚಿಕೊಂಡೆ. ಬೆರಳ ಸಂದಿಯಿಂದಲೂ ಆ ಅಳು ಕೇಳುತ್ತಿತ್ತು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಂದಿಷ್ಟು ಹಗುರಾಗುತ್ತಿತ್ತೇನೋ.

ಅಕ್ಕನೇ ಕೊನೆಗೆ ಒಳಗಿಂದ ಕರೆದಳು. “ಯಾಕ ಅಷ್ಟು ದೂರ ಕುಂತೀಯ? ಬಾ, ಕೂಸಿಗೆ ಗಾಳಿ ಹಾಕು.” ನಾನು ಬೀಸಣಿಗೆ ಹಿಡಿದು ಕೈ ನೋಯುವವರೆಗೆ ಬೀಸಿದೆ.

ಹೊತ್ತು ಮುಳುಗುವ ಮುಂಚೆ ಡಾಕ್ಟರು ಮತ್ತೆ ಬಂದು ಅಕ್ಕನ ನಾಡಿ, ಕಣ್ಣು ನೋಡಿದರು. “ನೀರಿಂದ ಆಯ್ತೋ, ಹೆದ್ರಿಕೆಯಿಂದ ಆಯ್ತೋ, ಖಾತ್ರಿ ಹೇಳಾಕಾಗಲ್ಲ. ಈಗ ಚಲೋ ಇದಾಳೆ. ಕೂಸಿಗೆ ಹಾಲು ಕುಡಿಸ್ರಿ,” ಎಂದರು. ಕೂಸಿನ ಅಳು ತಟ್ಟನೆ ನಿಂತಾಗ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನ ಅಪ್ಪ ಓಣಿಯವರನ್ನೆಲ್ಲ ಜಗುಲಿಗೆ ಕರೆದು ಕಂಡದ್ದನ್ನು ಹೇಳಿದರು. ಕೊಡದ ವಿಷಯ ನಾನೇ ಹೇಳಬೇಕಾಯಿತು. ಸಾಹುಕಾರರು, “ಹಂಗಾರೆ ಒಡ್ಡು ಬ್ಯಾಡ ಬಿಡ್ರಿ. ಬಾವಿನೇ ಆಳ ಮಾಡಣ,” ಎಂದರು. ಮನೆಗೊಬ್ಬರಂತೆ ಇಳಿದು ಹೂಳೆತ್ತಿದರು. ಎಂಟು ದಿನಕ್ಕೆ ಒಂದು ಮೂಲೆಯಲ್ಲಿ ನೀರು ಜಿನುಗಿತು. ಮುಂದೆ ಬೆಳೆ ಮುಗಿದು ನಾಲೆ ನಿಂತಾಗ, ಮೋರಿಯ ಕೆಸರೊಂದನ್ನು ಬಿಟ್ಟು ಹಳ್ಳವೆಲ್ಲ ನಾಲ್ಕೇ ದಿನದಲ್ಲಿ ಒಣಗಿತು.

ಮಕ್ಕಳೇ, ಆ ಹಳ್ಳ ಈಗ ನಿಮ್ಮ ಬಡಾವಣೆಯ ರಸ್ತೆಯ ಪಕ್ಕ ಕಾಂಕ್ರೀಟ್ ಗೋಡೆಗಳ ನಡುವೆ ಹರಿಯುತ್ತದೆ. ನೀವು ಅದನ್ನು ಚರಂಡಿ ಎನ್ನುತ್ತೀರಿ, ಸ್ಕೂಟರಿನಲ್ಲಿ ಹೋಗುವಾಗ ಮೂಗು ಮುಚ್ಚಿಕೊಳ್ಳುತ್ತೀರಿ. ನಿಮ್ಮ ನೀರನ್ನು ಯಾರೋ ಸೋಸಿ, ಪರೀಕ್ಷಿಸಿ ಮನೆಗೆ ಕಳಿಸುತ್ತಾರೆ. ಹತ್ತು ವರ್ಷದ ಮಗುವಿನ ಸೊಂಟದ ಮೇಲೆ ಇಡೀ ಮನೆಯ ನೀರಡಿಕೆ ಕೂತಿಲ್ಲ. ಅದು ನನಗೆ ನಿಜವಾಗಿಯೂ ಸಂತೋಷ. ಆದರೂ ಈ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ, ನೀವು ನಲ್ಲಿ ತೋರಿಸುತ್ತೀರಿ.